ಕೊಟ್ಟಿಗೆ ನೆಲದ ಉಸಿರು

ಗುತ್ತೇದಾರರು ಗಾಡಿಯಿಂದ ಇಳಿದವರೇ ಕೇಳಿದ್ದು ಒಂದು ತೆಂಗಿನಕಾಯಿ. ನಾನು ಕೇಳಿದ್ದು ಅವರ ಪರವಾನಗಿ. ಕೇಳಿದ್ದು ಇಬ್ಬರಿಗೂ ಸಿಕ್ಕಿತು, ಸಮಾಧಾನ ಮಾತ್ರ ಇಬ್ಬರಿಗೂ ಆಗಲಿಲ್ಲ.

ನಿಜಾಮರ ಸಂಸ್ಥಾನ ಹೋಗಿ ಹೊಸ ಸರ್ಕಾರ ಬಂದ ಹೊಸತು. ಶಹಾಪುರದ ಹೆಣ್ಣುಮಕ್ಕಳ ಶಾಲೆಗೆ ನನ್ನನ್ನು ಹಾಕಿದ್ದರು. ಸಗರದಂಥ ಸುತ್ತಲಿನ ಊರುಗಳಿಂದ ಬರುವ ಹುಡುಗಿಯರು ಉಳಿಯಲು ಒಂದು ಮನೆ ಹಿಡಿಯುವ ಕೆಲಸವೂ ನನ್ನ ಪಾಲಿಗೇ ಬಂತು. ಕಚೇರಿಯವರದು ಒಂದೇ ಹಟ: ನೀರು ಮನೆಯ ಅಂಗಳದಲ್ಲೇ ಇರಬೇಕು, ಕೊಳವೆಬಾವಿಯನ್ನು ಪರವಾನಗಿ ಇದ್ದ ಗುತ್ತೇದಾರರೇ ಕೊರೆಯಬೇಕು. ಕೊಡ ಹೊತ್ತು ಊರಬಾವಿಗೆ ಹೋಗಬೇಕೆಂದರೆ ಯಾವ ತಂದೆಯೂ ಮಗಳನ್ನು ಕಳಿಸುತ್ತಿರಲಿಲ್ಲವಾದ್ದರಿಂದ ಆ ಹಟದಲ್ಲಿ ನನಗೂ ತಪ್ಪು ಸಿಗಲಿಲ್ಲ. ಹೈದರಾಬಾದಿನಲ್ಲಿ ಓದುವಾಗ ಚರ್ಚಾಕೂಟಗಳಲ್ಲಿ ಪರವಾಗಿಯೂ ವಿರೋಧವಾಗಿಯೂ ನಿಂತು ಪಳಗಿದ ನಾಲಿಗೆ ನನ್ನದು. ತಪ್ಪು ಸಿಗದಿದ್ದರೆ ಅದಕ್ಕೆ ಒಂಥರಾ ತುರಿಕೆ.

ಸಿಕ್ಕ ಮನೆಯಲ್ಲಿ ಯಜಮಾನ್ತಿ ಒಬ್ಬಳೇ ಇದ್ದಳು. ನಿಜಾಮರ ಕೊನೆಯ ದಿನಗಳ ಗಲಾಟೆಯಲ್ಲಿ ಗಂಡ ಹಿತ್ತಲ ಗೋಡೆ ಹಾರಿ ಹೋದವನು, ಗಡಿಯಾಚೆಯ ಹೋರಾಟಗಾರರ ಶಿಬಿರ ಸೇರಿರಬೇಕು ಎಂದು ಓಣಿಯವರ ಮಾತು. ಶಿಬಿರಕ್ಕೆ ಹೋದ ಉಳಿದವರೆಲ್ಲ ತಿರುಗಿ ಬಂದರು. ಅವನು ಬರಲಿಲ್ಲ. ಅವಳ ಹಣೆಯ ಕುಂಕುಮ, ಕೈಯ ಬಳೆ ಹಾಗೇ ಇದ್ದವು. ಸುರಪುರದಲ್ಲಿದ್ದ ಅವಳ ಅಣ್ಣ ಮಾತ್ರ ಕಡಾಖಂಡಿತ ಹೇಳಿಬಿಟ್ಟಿದ್ದ: ಶಾಲೆಯವರು ಬಾಡಿಗೆಗೆ ಬಂದರೆ ಇರು, ಇಲ್ಲದಿದ್ದರೆ ಮನೆಗೆ ಕೀಲಿ ಹಾಕಿ ನನ್ನ ಗಾಡಿ ಹತ್ತು.

"ಬಾವಿ ಆಗಲೇಬೇಕ್ರಿ ಅಕ್ಕೋರ," ಎಂದು ನನ್ನ ಕೈ ಹಿಡಿದುಕೊಂಡಿದ್ದಳು ಯಜಮಾನ್ತಿ. "ಅವರು ಬಂದಾಗ ಬಾಗಿಲಿಗೆ ಕೀಲಿ ಇರಬಾರದು. ನಾ ಈ ಮನಿ ಬಿಟ್ಟು ಏಳಾಂಗಿಲ್ಲ."

ನೀರು ಬಂದರೆ ಅವಳು ಇರುತ್ತಾಳೆ, ಬರದಿದ್ದರೆ ಹೋಗುತ್ತಾಳೆ. ವಿಷಯ ಇಷ್ಟು ಸರಳ ಎಂದುಕೊಂಡೇ ನಾನು ಯಾದಗಿರಿಯ ಗುತ್ತೇದಾರರಿಗೆ ಹೇಳಿ ಕಳಿಸಿದ್ದೆ.

ಗುತ್ತೇದಾರರು ಅಂಗೈ ಮೇಲೆ ತೆಂಗಿನಕಾಯಿ ಮಲಗಿಸಿಕೊಂಡು ಹಿತ್ತಲಲ್ಲಿ ನಡೆದರು. ಹಳೆಯ ದನದ ಕೊಟ್ಟಿಗೆ ಇದ್ದ ಜಾಗಕ್ಕೆ ಬಂದಾಗ ಕಾಯಿ ಸೆಟೆದು ನಿಂತಿತು. ಕೊಟ್ಟಿಗೆ ಬಿದ್ದು ಹೋಗಿತ್ತು, ಬಡಿದು ಗಟ್ಟಿ ಮಾಡಿದ ನೆಲ ಮಾತ್ರ ಉಳಿದಿತ್ತು.

"ಇಲ್ಲೇ ಅದ ನೋಡ್ರಿ ನೀರು."

"ಕಣ್ಣು ಕಟ್ಟತೀನಿ, ಇನ್ನೊಮ್ಮೆ ತೋರಸ್ರಿ," ಎಂದೆ.

ಅವರ ಜೊತೆ ಬಂದ ಆಳುಗಳು ನಕ್ಕರು. ಭೀಮಾ ದಂಡೆಯ ಮೀನುಗಾರರ ಮನೆಯವರು ಅವರು, ಹಗ್ಗ ಎಳೆಯುವ ಕೆಲಸಕ್ಕೆ ಹೇಳಿ ಮಾಡಿಸಿದ ಮೈ. ನಾನು ಗುತ್ತೇದಾರರ ಟವೆಲನ್ನೇ ಕಣ್ಣಿಗೆ ಕಟ್ಟಿ, ಮೂಡಣಕ್ಕೋ ಪಡುವಣಕ್ಕೋ ತಿಳಿಯದಂತೆ ತಿರುಗಿಸಿ ಬಿಟ್ಟೆ. ತಡವರಿಸುತ್ತ ನಡೆದರು, ಬೇವಿನ ಮರಕ್ಕೆ ಒಮ್ಮೆ ಡಿಕ್ಕಿ ಹೊಡೆದರು. ಕೊಟ್ಟಿಗೆಯ ನೆಲಕ್ಕೆ ಕಾಲಿಟ್ಟರು. ಕಾಯಿ ಎದ್ದು ನಿಂತಿತು.

ಆಳುಗಳ ನಗೆ ನಿಂತುಹೋಯಿತು. ನನ್ನದೂ.

"ಈಗೇನಂತೀರಿ ಅಕ್ಕೋರ?"

"ಕಣ್ಣು ಕಟ್ಟೀನಿ, ಕಾಲು ಕಟ್ಟಿಲ್ಲಲ್ರಿ. ಇಲ್ಲಿ ನೆಲ ಬ್ಯಾರೆ ಅದ. ನಿಮ್ಮ ಕಾಲಿಗೆ ಅದು ಗೊತ್ತಾಗಾಕತ್ತದ. ಕಾಲು ಹೇಳಿದ್ದು ಕೈ ಕೇಳ್ತದ, ಕಾಯಿ ಏಳ್ತದ. ಇದರಾಗ ನೀರೆಲ್ಲಿ ಬಂತು?"

"ಅವ್ವಾ ತಾಯಿ," ಎಂದ ಆಳುಗಳ ಮುಂದಾಳು, "ನೀವು ಬಾಯಿ ಹಾಕಿದ್ರ ಕಲ್ಲೇ ಒಡೀತದ. ನಾವು ಚಾಣ ಯಾಕ ಹೊತಗೊಂಡು ಬಂದೀವಿ?"

ಹಿಂಬಾಗಿಲಲ್ಲಿ ನಿಂತು ನೋಡುತ್ತಿದ್ದ ಯಜಮಾನ್ತಿ ನಗಲಿಲ್ಲ. "ಅಲ್ಲಿ ಬ್ಯಾಡ್ರಿ," ಎಂದಳು. "ದನ ಕಟ್ಟಿದ ಜಾಗ. ಮೈಲಿಗಿ ನೀರು ಬರ್ತದ."

"ದನದ ಸಗಣಿ ತಗೊಂಡೇ ಅಡಗಿ ಮನಿ ಸಾರಸ್ತೀರಿ," ಎಂದೆ ನಾನು. "ಸಗಣಿಗೆ ಇಲ್ಲದ ಮೈಲಿಗಿ ಸಗಣಿ ಬಿದ್ದ ನೆಲಕ್ಕ ಹೆಂಗ ಬಂತ್ರಿ ಅವ್ವಾರ?"

ಬೇರೆ ಜಾಗ ಇರಲಿಲ್ಲ. ಮುಂದಿನ ಅಂಗಳದಲ್ಲಿ ಒಂದು ಗೇಣು ಕೆದರಿದರೆ ಬಂಡೆ. ಪಡುವಣ ಬದಿಗೆ ನೆರೆಮನೆಯ ಬಚ್ಚಲ ನೀರು ಇಂಗುತ್ತಿತ್ತು. ಕಾಯಿಯ ಮಾತು ಕೇಳಿ ಅಲ್ಲ, ಈ ಎರಡು ಕಾರಣಕ್ಕೆ, ನಾನೂ ಕೊಟ್ಟಿಗೆಯ ನೆಲಕ್ಕೇ ಒಪ್ಪಿದೆ. ಸುಣ್ಣದಿಂದ ಗುರುತು ಹಾಕಿದರು. ಪೂಜೆಗೆ ಕರೆದರೆ ಯಜಮಾನ್ತಿ ಬರಲಿಲ್ಲ.

ಮೂರು ದಿಮ್ಮಿಗಳನ್ನು ತುದಿಗೆ ಬಿಗಿದು ನಿಲ್ಲಿಸಿ, ನಡುವೆ ಗಾಲಿ ತೂಗಿಬಿಟ್ಟು, ಅದರ ಮೇಲಿಂದ ಹಗ್ಗ ಹಾಯಿಸಿದರು. ಹಗ್ಗದ ತುದಿಗೆ ಚಾಣ, ಆಳೆತ್ತರದ ಕಬ್ಬಿಣದ ಕಂಬಿ, ಕೆಳಗಿನ ಬಾಯಿ ಉಳಿಯಂತೆ ಹರಿತ. ಆಳುಗಳು ಒಟ್ಟಿಗೆ ಎಳೆದು ಒಟ್ಟಿಗೆ ಬಿಡಬೇಕು. ಪ್ರತಿ ಪೆಟ್ಟಿಗೂ ಮುಂದಾಳು ಹಗ್ಗವನ್ನು ಒಂದಿಷ್ಟು ತಿರುವುತ್ತಾನೆ. ತಿರುವದಿದ್ದರೆ ತೂತು ದುಂಡಗಾಗದೆ ಚಾಣ ಸಿಕ್ಕಿಕೊಳ್ಳುತ್ತದೆ. ಆಗಾಗ ತೂತಿಗೆ ನೀರು ಹುಯ್ಯುವುದು, ಪುಡಿಯಾದದ್ದು ರಾಡಿಯಾಗುವುದು, ತಳದಲ್ಲಿ ಮುಚ್ಚಳವಿರುವ ಉದ್ದನೆಯ ಕೊಳವೆ ಇಳಿಸಿ ಆ ರಾಡಿ ಎತ್ತಿ ಚೆಲ್ಲುವುದು. ನಾನು ಶಾಲೆ ಬಿಟ್ಟೊಡನೆ ಬಂದು ಆ ರಾಡಿ ನೋಡುತ್ತಿದ್ದೆ. ಮೊದಲು ಎರೆಮಣ್ಣು, ಆಮೇಲೆ ಕೆಂಪು ಗರಸು.

ಗರಸಿಗೆ ಇಳಿದ ಮೇಲೆ ಸದ್ದು ಬದಲಾಯಿತು. ಚಾಣ ಬಿದ್ದಾಗ ಒಂದು ಗುದ್ದು. ಅದರ ಹಿಂದೆಯೇ, ಕೆಳಗಿನಿಂದ, ಇನ್ನೊಂದು ಮೆತ್ತನೆಯ ಗುದ್ದು. ಆಳುಗಳು ಎಳೆಯುವಾಗ ಹಾಕುತ್ತಿದ್ದ ಕೂಗು ತಾನಾಗಿ ಸಣ್ಣದಾಯಿತು, ಆಮೇಲೆ ನಿಂತಿತು.

"ಯಾರೋ ತಿರುಗಿ ಬಡ್ಯಾಕತ್ತಾರ್ರಿ," ಎಂದ ಮುಂದಾಳು.

"ಪ್ರತಿಧ್ವನಿ," ಎಂದೆ. "ಗುಡ್ಡದಾಗ ಕೂಗಿದ್ರ ಗುಡ್ಡ ತಿರುಗಿ ಕೂಗ್ತದಲ್ಲ, ಅದು."

"ಗುಡ್ಡ ನಾವು ಕೂಗಿದಷ್ಟೇ ಕೂಗ್ತದ್ರಿ. ಇದು ನಾವು ನಿಲ್ಲಿಸಿದ ಮ್ಯಾಲೂ ಒಮ್ಮೆ ಬಡೀತು."

ನಾನು ಕೇಳಿರಲಿಲ್ಲ. ಕೇಳದ್ದಕ್ಕೆ ವಾದ ಹೂಡುವುದು ಹೇಗೆ? ಮುಂದುವರಿಸಲು ಹೇಳಿದೆ. ಮುಂದಿನ ಪೆಟ್ಟಿಗೆ ಕೆಳಗೆ ತಡೆಯೇ ಸಿಗಲಿಲ್ಲ. ಹಿಂದಕ್ಕೆ ವಾಲಿ ಹಗ್ಗ ಹಿಡಿದಿದ್ದ ಆಳುಗಳನ್ನು ಚಾಣ ಒಮ್ಮೆಗೇ ಮುಂದಕ್ಕೆ ಸೆಳೆದುಕೊಂಡು, ಹಗ್ಗ ಸರ್ರನೆ ಒಳಗೆ ಓಡಿ, ಚಾಣ ಎಲ್ಲೋ ಆಳದಲ್ಲಿ ಮೆತ್ತಗೆ ಕೂತಿತು. ತೂತಿನಿಂದ ಬಿಸಿ ಗಾಳಿ ಬಂತು. ಹುಳಿಯಾದ, ಮುಗ್ಗಿದ, ಸ್ವಲ್ಪ ಸಿಹಿಯೂ ಆದ ವಾಸನೆ. ನಿದ್ದೆಯಿಂದ ಎದ್ದವರ ಬಾಯಿಯ ಗಾಳಿ ಮುಖಕ್ಕೆ ತಾಗಿದಂತಿತ್ತು.

ಆಳುಗಳು ಹಗ್ಗ ಬಿಟ್ಟು ಗೋಡೆ ಸೇರಿದರು. ನಾನು ಹಿಂದೆ ಸರಿಯಲಿಲ್ಲ, ಆದರೆ ಮುಖ ಒರೆಸಿಕೊಂಡೆ.

ಗುತ್ತೇದಾರರು ಮೂಸಿ ನೋಡಿದರು. "ಹಗೇವು," ಎಂದರು ತಣ್ಣಗೆ. "ಜ್ವಾಳದ ಹಗೇವು. ಹಾದಿ ತಪ್ಪಿ ಅದರ ಬಗಲಿಗೆ ತೂತು ಬಿತ್ತು."

ಈ ಕಡೆ ಜೋಳ ಕೂಡಿಡಲು ನೆಲದೊಳಗೆ ಗಡಿಗೆಯಾಕಾರದ ಗುಂಡಿ ತೋಡುತ್ತಾರೆ. ಬಾಯಿ ಒಬ್ಬರು ಇಳಿಯುವಷ್ಟು ಕಿರಿದು, ಹೊಟ್ಟೆ ಅಗಲ. ಒಳಗೆಲ್ಲ ಕಣಿಕೆ, ಅಂದರೆ ಜೋಳದ ಒಣ ದಂಟು, ಹೊದಿಸಿ, ಕಾಳು ತುಂಬಿ, ಬಾಯಿಗೆ ಕಲ್ಲು ಮುಚ್ಚಿ, ಮಣ್ಣು ಮೆತ್ತುತ್ತಾರೆ. ಅದೇ ಹಗೇವು. ಮುಚ್ಚಿದ ಹಗೇವಿನೊಳಗೆ ಕೆಟ್ಟ ಗಾಳಿ ಕೂಡಿರುತ್ತದೆ. ಅದಕ್ಕೇ ತೆರೆದಾಗ ಮೊದಲು ಉರಿಯುವ ಕಂದೀಲು ಇಳಿಸಿ ನೋಡುತ್ತಾರೆ. ಕಂದೀಲು ಆರಿದರೆ ಮನುಷ್ಯರು ಇಳಿಯುವಂತಿಲ್ಲ. ಇಲ್ಲಿ ಹುಟ್ಟಿದ ಮಕ್ಕಳಿಗೂ ಗೊತ್ತಿರುವ ನಿಯಮ ಇದು.

ನನಗೆ ನಿರಾಳವಾಯಿತು. ಮರುಗುದ್ದು ಟೊಳ್ಳಿನದು, ವಾಸನೆ ಕೊಳೆತ ಜೋಳದ್ದು, ಕಾಯಿ ಎದ್ದದ್ದು ಟೊಳ್ಳು ನೆಲ ಕಾಲಿಗೆ ತಿಳಿದದ್ದರಿಂದ. ಆಳುಗಳಿಗೆ ಇದನ್ನೆಲ್ಲ ಒಂದೊಂದಾಗಿ ಬಿಡಿಸಿ ಹೇಳಿ, ಗೆದ್ದ ಉಮೇದಿನಲ್ಲಿ ತಿರುಗಿದರೆ, ಯಜಮಾನ್ತಿ ತೂತಿನ ಪಕ್ಕ ನೆಲದ ಮೇಲೆ ಕೂತಿದ್ದಳು. ಕೈಯಲ್ಲಿ ದೀಪದ ಬತ್ತಿಗೆ ಹೊಸೆಯುವ ಹತ್ತಿಯ ಎಳೆ. ಅದನ್ನು ತೂತಿನ ಬಾಯಿಗೆ ಹಿಡಿದಿದ್ದಳು. ಎಳೆ ಮೇಲಕ್ಕೆ ತೇಲುತ್ತಿತ್ತು.

ಮರುದಿನ ಬೆಳಿಗ್ಗೆ ಹೋದಾಗಲೂ ಅಲ್ಲೇ ಕೂತಿದ್ದಳು. ಈಗ ಎಳೆ ಕೆಳಕ್ಕೆ ಬಾಗಿ ಒಳಗೆ ಸರಿಯುತ್ತಿತ್ತು.

"ನಿನ್ನಿ ಹೊರಗ ಬಿಟ್ಟಿತ್ತು. ಈಗ ಒಳಗ ಎಳಕೊಳ್ಳಾಕತ್ತದ್ರಿ ಅಕ್ಕೋರ," ಎಂದಳು.

"ಬಿಸಿಲು ಏರಿದ್ರ ಗಾಳಿ ಹಗುರ ಆಗ್ತದ, ಒಳಗಿಂದು ಹೊರಗ ಬರ್ತದ. ತಂಪು ಹೊತ್ತಿನ್ಯಾಗ ಹೊರಗಿಂದು ಒಳಗ ಹೋಗ್ತದ. ದೊಡ್ಡ ಟೊಳ್ಳಿಗೆ ಸಣ್ಣ ತೂತು ಬಿದ್ರ ಹಿಂಗೇ."

"ಹೊರಗ ಬರೋದು, ಒಳಗ ಹೋಗೋದು," ಎಂದು ಅವಳು ನನ್ನತ್ತ ನೋಡಿದಳು. "ಅದಕ್ಕೇ ಅಲ್ರಿ ಉಸಿರು ಅನ್ನೋದು?"

ನನ್ನ ವಿವರಣೆಯಲ್ಲಿ ಒಂದು ಅಕ್ಷರವೂ ತಪ್ಪಿರಲಿಲ್ಲ. ಆದರೂ ಆ ಹತ್ತಿಯ ಎಳೆಯನ್ನು ನೋಡುತ್ತ ನಿಲ್ಲಲು ನನಗೆ ಆಗಲಿಲ್ಲ.

ಗುತ್ತೇದಾರರಿಗೆ ಇದು ದೊಡ್ಡ ಅಡ್ಡಿಯೇನಲ್ಲ. ಹಗೇವನ್ನು ದಾಟಿಸಿ ಗಟ್ಟಿ ಕಲ್ಲಿನವರೆಗೆ ಕಬ್ಬಿಣದ ಪೈಪು ಇಳಿಸುವುದು, ಸುತ್ತ ಜೇಡಿಮಣ್ಣು ಕುಟ್ಟಿ ಬಿಗಿ ಮಾಡುವುದು, ಪೈಪಿನೊಳಗಿಂದ ಮುಂದಕ್ಕೆ ಕೊರೆಯುವುದು. "ಹಗೇವು ತೆಗೆಯೋದು ಬ್ಯಾಡ, ಮುಚ್ಚೋದು ಬ್ಯಾಡ. ತನ್ನ ಪಾಡಿಗೆ ತಾನು ಇರ್ತದ."

ನಾನು ಒಪ್ಪಲಿಲ್ಲ. "ಕೊಳೆತ ಕಾಳಿನ ನಡುವಿಂದ ಬರೋ ನೀರು ಮಕ್ಕಳಿಗೆ ಕುಡಸಾಕ ಆಗಂಗಿಲ್ರಿ. ತೆಗೀರಿ, ಕಾಳು ಹೊರಗ ಹಾಕ್ರಿ, ಕಲ್ಲು ತುಂಬ್ರಿ, ಆಮ್ಯಾಲ ಪೈಪು."

"ತೆಗೆಯಂಗಿಲ್ಲ," ಎಂದಳು ಯಜಮಾನ್ತಿ. ಮೊದಲ ಸಲ ಅವಳ ದನಿ ಏರಿತ್ತು. "ಯಾರೂ ತೆಗೆಯಂಗಿಲ್ಲ."

ಗುತ್ತೇದಾರರು ಟವೆಲು ಕೊಡವಿ ಆಳುಗಳನ್ನು ಕರೆದುಕೊಂಡು ಚಹಾಕ್ಕೆ ಹೋದರು. ನಾನು ಅವಳ ಎದುರು ಕೂತೆ. ಕಾರಣ ಕೇಳಿದೆ. ಅವಳು ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ.

"ಲೆವಿಯವರು ಮನಿಮನಿ ಹೊಕ್ಕು ಜ್ವಾಳ ಒಯ್ಯಾಕತ್ತಿದ್ರು, ಮುಚ್ಚಿಟ್ಟ ಗಂಡಸರನ್ನೂ ಹಿಡಕೊಂಡು ಹೋಗ್ತಿದ್ರು. ನಮ್ಮದು ಈ ಹಗೇವಿನ್ಯಾಗ ಇತ್ತು. ಕೊಟ್ಟಗಿ ಒಳಗ, ದನದ ಕಾಲಾಗ, ಯಾರಿಗೂ ಗೊತ್ತಿದ್ದಿಲ್ಲ. ಅವತ್ತು ಹಿಟ್ಟಿಗೆ ಕಾಳು ಇಲ್ಲಂತ ನಮ್ಮನಿಯವರು ಹಗೇವಿನ ಬಾಯಿ ತೆಗೆದ್ರು. ಹಗಲು. ಕಂದೀಲು ಹಚ್ಚಲೇನು ಅಂದೆ. ಬ್ಯಾಡ ಅಂದ್ರು. ಹಗಲಿನ್ಯಾಗ ಕಂದೀಲು ಹಚ್ಚಿದ್ದು ಯಾರರ ಮಾಳಿಗಿ ಮ್ಯಾಲಿಂದ ನೋಡಿದ್ರ ಮುಗೀತು, ಇವರ ಮನ್ಯಾಗ ಹಗೇವು ತೆಗೆದಾರ ಅಂತ ಓಣಿಗೆಲ್ಲ ಗೊತ್ತಾಗ್ತದ. ಹಿಂಗಾಗಿ ಕಂದೀಲು ಬಿಟ್ಟೇವಿ."

ಅವಳು ನೀರು ಕುಡಿದಳು.

"ಅಷ್ಟರಾಗ ಲೆವಿಯವರು ಮುಂದಿನ ಬಾಗಿಲು ಬಡದ್ರು. ನಮ್ಮನಿಯವರು ಅಂದ್ರು, ನೀ ಹೋಗಿ ಮಾತಾಡಸು, ನಾ ಗ್ವಾಡಿ ಹಾರಿ ಹೋಗ್ತೀನಿ, ಬಂದು ಇದನ್ನ ಮುಚ್ಚಿಬಿಡು. ನಾ ಬಾಗಿಲ ಸಂದ್ಯಾಗ ನಿಂತು, ಮನ್ಯಾಗ ಗಂಡಸರಿಲ್ಲ, ಕರಕೊಂಡು ಬರ್ತೀನಿ ನಿಲ್ರಿ ಅಂದೆ. ತಿರುಗಿ ಓಡಿ ಬಂದು ಕಲ್ಲು ಎಳದೆ, ಮಣ್ಣು ಮೆತ್ತಿದೆ, ಮ್ಯಾಲ ಸಗಣಿ, ಹುಲ್ಲು, ಎಲ್ಲಾ. ಲೆವಿಯವರು ಒಳಗ ಬಂದು ಹುಡುಕಿದ್ರು, ಸಿಗಲಿಲ್ಲ, ಹೋದ್ರು. ನಮ್ಮನಿಯವರು ಗ್ವಾಡಿ ಹಾರಿದ್ದು ನಾ ನೋಡಿಲ್ರಿ ಅಕ್ಕೋರ. ನಾ ಹಗೇವಿನ ಒಳಗ ಇಣುಕೀನೂ ನೋಡಿಲ್ಲ."

ಅವಳು ಹೇಳದೆ ಬಿಟ್ಟದ್ದನ್ನು ನಾನು ಪೂರ್ತಿ ಮಾಡಿಕೊಂಡೆ: ಬಾಗಿಲು ಬಡಿದ ಮೇಲೆ, ಕೊನೆಯದೊಂದು ಬುಟ್ಟಿಗೆಂದೋ, ಅಡಗಿಕೊಳ್ಳಲೆಂದೋ, ಅವನು ಕೆಳಗಿಳಿದಿದ್ದರೆ? ಕಂದೀಲಿಲ್ಲದೆ ಇಳಿದವನು ಕೂಗಲೂ ಆಗದೆ ಬಿದ್ದಿದ್ದರೆ?

ಆದರೂ ನನ್ನ ನಾಲಿಗೆ ತನ್ನ ಚಾಳಿ ಬಿಡಲಿಲ್ಲ. "ತೆಗೆದು ನೋಡ್ರಿ ಅವ್ವಾರ. ಒಳಗ ಇಲ್ಲಂದ್ರ ನಿಮ್ಮ ಹೆದರಿಕಿ ಹೋಗ್ತದ. ಇದ್ರ, ಕಾಯೋದಾದರೂ ಮುಗೀತದ. ಎರಡರಾಗ ಯಾವುದಾದರೂ ಈಗಿನಕಿಂತ ಚಲೋನ."

"ನೀವು ಎರಡು ಹೇಳಿದ್ರಿ," ಎಂದಳು ಅವಳು. "ಅವರು ಒಳಗ ಇಲ್ಲ, ಇಲ್ಲಾ ಒಳಗ ಇದ್ದಾರ. ಮುಚ್ಚಿದಾಕಿ ನಾನು. ಅದನ್ನ ಯಾವ ಕಡಿ ಇಡ್ತೀರಿ?"

ಗುತ್ತೇದಾರರು ಬಂದ ಮೇಲೆ ತೂತು ಮುಚ್ಚಿ ಸಾಮಾನು ಕಟ್ಟಲು ಹೇಳಿದೆ. ಒಳಗೆ ಏನಿದೆ ಎಂದು ಗೊತ್ತಿಲ್ಲದೆ ಅದರ ಮೂಲಕ ನೀರು ತರಲಾರೆ, ಅವಳ ಮನಸ್ಸಿಗೆ ವಿರುದ್ಧ ತೆರೆಸಲೂ ಆಗದು. ಬಾವಿ ಇಲ್ಲವೆಂದರೆ ಬಾಡಿಗೆ ಇಲ್ಲ. ಸುರಪುರದ ಗಾಡಿ ಬರುತ್ತದೆ. ಅವಳಿಗೂ ಅದು ಗೊತ್ತಿತ್ತು. ದಿಮ್ಮಿಗಳ ಬಿಗಿ ಬಿಚ್ಚುವುದನ್ನು ಅವಳು ಹಿಂಬಾಗಿಲಲ್ಲಿ ನಿಂತು ನೋಡಿದಳು. ಗಾಲಿ ಕೆಳಗಿಳಿಯಿತು. ಹಗ್ಗ ಸುತ್ತಿದರು. ಆಗ ಅವಳು ಒಳಗೆ ಹೋಗಿ ಹಾರೆ ತಂದು, ನೆಲದ ಒಂದು ಕಡೆ ತೋರಿಸಿ, ಮುಂದಾಳುವಿನ ಕೈಗೆ ಕೊಟ್ಟಳು.

"ಬಾಯಿ ಇಲ್ಲಿ ಅದ. ಅಗೀರಿ."

ನಾನು ಅವಳತ್ತ ನೋಡಿದೆ.

"ಕೀಲಿ ಹಾಕಿ ಹೋದ್ರ ಅವರೊಬ್ಬರೇ ಆಗ್ತಾರ," ಎಂದಳು.

ಗಟ್ಟಿ ನೆಲದ ಕೆಳಗೆ ಕಲ್ಲು ಸಿಕ್ಕಿತು. ಅದರ ಸುತ್ತ ಮೆತ್ತಿದ ಮಣ್ಣಿನಲ್ಲಿ ಬೆರಳಿನ ಗೀರುಗಳು ಒಣಗಿ ಹಾಗೇ ನಿಂತಿದ್ದವು. ಅವಸರದ, ಅಡ್ಡಾದಿಡ್ಡಿ ಗೀರುಗಳು. ಯಜಮಾನ್ತಿ ತನ್ನ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡಳು. ಕಲ್ಲು ಸರಿಸಿದರು. ನಡುಹಗಲ ಬಿಸಿಲಿನಲ್ಲಿ ಕಂದೀಲು ಹಚ್ಚಿ ಹಗ್ಗದಲ್ಲಿ ಇಳಿಬಿಟ್ಟರು. ಬಾಯಿ ದಾಟುವ ಮೊದಲೇ ಉರಿ ಚಿಕ್ಕದಾಗಿ, ನೀಲಿಯಾಗಿ, ಯಾರೋ ಚಿವುಟಿದ ಹಾಗೆ ಆರಿತು. ಮತ್ತೆ ಹಚ್ಚಿದರು, ಮತ್ತೆ ಆರಿತು. ಅಕ್ಕಪಕ್ಕದ ಮಾಳಿಗೆಗಳ ಮೇಲೆ ತಲೆಗಳು ಕಂಡವು.

ಬೇವಿನ ಟೊಂಗೆಗಳ ದೊಡ್ಡ ಹೊರೆ ಕಟ್ಟಿ ಒಳಗೆ ಇಳಿಸಿ ಎತ್ತಿ, ಇಳಿಸಿ ಎತ್ತಿ, ಒಳಗಿನ ಗಾಳಿಯನ್ನು ಕದಡಿದರು. ಮೇಲಿನಿಂದ ನೀರು ಚಿಮುಕಿಸಿದರು. ಗಾಳಿ ಬೀಸುವ ಕಡೆಗೆ ಧೋತರ ಕಟ್ಟಿ ಬಾಯಿಯೊಳಗೆ ಗಾಳಿ ತಿರುಗಿಸಿದರು. ಮರುದಿನವೂ ಅದೇ ಕೆಲಸ. ಕಂದೀಲು ಒಂದಿಷ್ಟು ಹೆಚ್ಚು ಆಳಕ್ಕೆ ಹೋಗುತ್ತಿತ್ತು, ಆರುತ್ತಿತ್ತು. ಪ್ರತಿ ಸಲ ಆರಿದಾಗಲೂ ಎಲ್ಲರೂ ಉಸಿರು ಹಿಡಿಯುತ್ತಿದ್ದೆವು, ಕತ್ತಲಲ್ಲಿ ಇದ್ದದ್ದು ಆ ಅರೆಕ್ಷಣದಲ್ಲಿ ಮೇಲೆ ನೋಡಿದ ಹಾಗೆ. ಕೊನೆಗೆ ಕಂದೀಲು ತಳ ಮುಟ್ಟಿ ಆರದೆ ಉರಿಯಿತು.

ಮುಂದಾಳು ಬಗ್ಗಲು ಹೋದ. "ಮೊದಲು ನಾ," ಎಂದು ಯಜಮಾನ್ತಿ ಹೊಟ್ಟೆಯ ಮೇಲೆ ಮಲಗಿ ತಲೆ ಒಳಗೆ ಹಾಕಿದಳು. ನಾನೂ ಅವಳ ಬದಿಗೆ ಮಲಗಿದೆ.

ಗೋಡೆಯ ಕಣಿಕೆ ಕಪ್ಪಾಗಿ ಜೋತುಬಿದ್ದಿತ್ತು. ಕಾಳು ಕರೀ ಹೆಪ್ಪಾಗಿ ತಳದಲ್ಲಿ ಕುಸಿದಿತ್ತು. ಅದರ ಮೇಲೆ ನಮ್ಮ ಚಾಣ ಬಿದ್ದ ಗುರುತಿತ್ತು. ಒಂದು ಕಡೆ ಕಾಳಿನಲ್ಲಿ ತಗ್ಗು, ಮನುಷ್ಯರು ಕೂತೆದ್ದ ಹಾಗೆ. ಬೇರೇನೂ ಕಾಣಲಿಲ್ಲ.

"ಇಲ್ಲ," ಎಂದ ಮುಂದಾಳು ಹಿಂದಿನಿಂದ. "ಇಲ್ಲವ್ವಾ, ಇಲ್ಲ."

"ಕಾಣಲಿಲ್ಲ ಅಂದ್ರ ಇಲ್ಲ ಅಂತಲ್ಲ," ಎಂದೆ ನಾನು. ಕಾಳಿನ ಕೆಳಗೆ ಇರಬಹುದು. ಅದನ್ನು ಬಾಯಿಬಿಟ್ಟು ಹೇಳದಿದ್ದರೂ ಅವಳಿಗೆ ತಿಳಿಯಿತು, ತಲೆಯಾಡಿಸಿದಳು.

ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಕಂದೀಲು ಪಕ್ಕದಲ್ಲೇ ಇಟ್ಟುಕೊಂಡು, ಮುಂದಾಳು ಇಳಿದ. ಬುಟ್ಟಿ ಬುಟ್ಟಿಯಾಗಿ ಕಾಳು ಮೇಲೆ ಬಂತು. ಪ್ರತಿ ಬುಟ್ಟಿಯನ್ನೂ ಅವಳೇ ನೆಲಕ್ಕೆ ಸುರಿದು ಕೈಯಿಂದ ಹರವಿ ನೋಡಿದಳು. ಕೊಳೆತ ಕಾಳು ಅವಳ ಮೊಣಕೈವರೆಗೆ ಅಂಟಿಕೊಂಡಿತು. ನಾನು ಸಹಾಯಕ್ಕೆ ಹೋದರೆ ಕಣ್ಣಲ್ಲೇ ತಡೆದಳು. ಹೊತ್ತು ಇಳಿಯುವ ಹೊತ್ತಿಗೆ ಕೆಳಗಿನಿಂದ ಕೂಗು ಬಂತು: "ತಳದ ಕಣಿಕಿ ಸಿಕ್ತು. ಏನೂ ಇಲ್ರಿ."

ಯಜಮಾನ್ತಿ ಕೊನೆಯ ಬುಟ್ಟಿಯನ್ನೂ ಹರವಿದಳು. ಆಮೇಲೆ ಕೈ ತೊಳೆಯದೆ ಬಹಳ ಹೊತ್ತು ಹಿತ್ತಲ ಗೋಡೆಯನ್ನೇ ನೋಡುತ್ತ ಕೂತಳು. ಅಷ್ಟೇನೂ ಎತ್ತರದ ಗೋಡೆಯಲ್ಲ.

"ಹಾರ್ಯಾರ," ಎಂದಳು.

"ಆಚಿಗೆ ಹೋದ ಮ್ಯಾಲ ಏನಾದರೂ ಆಗಿರಬಹುದು," ಎಂದೆ. "ಹಾದ್ಯಾಗ ಯಾರರ ಹಿಡದಿರಬಹುದು. ಬರಲಿಲ್ಲ ಅಂದ ಮಾತ್ರಕ್ಕ..."

"ಇರಬಹುದ್ರಿ," ಎಂದಳು. ಅವಳಿಗೆ ನನ್ನ ವಾದ ಬೇಕಿರಲಿಲ್ಲ.

ಹಗೇವಿಗೆ ಕಲ್ಲು ತುಂಬಿಸಿದೆವು. ದಿಮ್ಮಿಗಳು ಮತ್ತೆ ನಿಂತವು, ಪೈಪು ಇಳಿಯಿತು, ಜೇಡಿಮಣ್ಣು ಕುಟ್ಟಿದರು. ಕಲ್ಲಿನಲ್ಲಿ ಚಾಣದ ಬಾಯಿ ಮತ್ತೆ ಮತ್ತೆ ಮೊಂಡಾಯಿತು, ಕಮ್ಮಾರನ ಕುಲುಮೆಗೆ ಹೋಗಿ ಬಂತು. ಒಂದು ಮಧ್ಯಾಹ್ನ ಕೊಳವೆಯಲ್ಲಿ ರಾಡಿಯ ಬದಲು ತಿಳಿನೀರು ಬಂತು. ಗುತ್ತೇದಾರರು ಬಾಯಿಗೆ ಹಾಕಿ, "ಸಿಹಿ," ಎಂದು ನನ್ನತ್ತ ಹುಬ್ಬು ಏರಿಸಿದರು, ಕಾಯಿಯ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ ಎನ್ನುವಂತೆ.

ಬಾವಿ ಆಯಿತು, ಶಾಲೆಗೆ ಮನೆ ಸಿಕ್ಕಿತು. ಯಜಮಾನ್ತಿ ಇರಬಹುದಾಗಿತ್ತು. ಆದರೆ ಆ ವಾರವೇ ಅವಳು ಸುರಪುರಕ್ಕೆ ತಾನೇ ಹೇಳಿ ಕಳಿಸಿದಳು. ಅಣ್ಣ ಗಾಡಿ ತಂದಾಗ ಅವನಿಗೂ ಅರ್ಥವಾಗಲಿಲ್ಲ. "ಈಗ್ಯಾಕ? ಈಗ ಇರಬಹುದಲ್ಲವಾ?" ಎಂದ. ಅವಳು ಗಂಟು ಗಾಡಿಗೆ ಹಾಕಿದಳು.

ನಾನು ಅದನ್ನೇ ಕೇಳಿದೆ.

"ಅವರು ಬರ್ತಾರಂತ ನಾ ಇಲ್ಲಿ ಕುಂತಿದ್ದಿಲ್ರಿ ಅಕ್ಕೋರ," ಎಂದಳು. "ಇಲ್ಲೇ ಅದಾರ ಅಂತ ಕುಂತಿದ್ದೆ. ಬಿಟ್ಟು ಹೆಂಗ ಹೋಗಬೇಕಿತ್ತು? ಅವರು ಹಾರಿ ಹೋಗ್ಯಾರ, ಈಗ ಯಾರಿಗೆ ಕುಂಡ್ರಲಿ?"

ಹಣೆಯ ಕುಂಕುಮ ಇತ್ತು, ಬಳೆ ಇದ್ದವು. ಬಾಗಿಲ ಕೀಲಿಯನ್ನು ನನ್ನ ಕೈಯಲ್ಲಿಟ್ಟು ಗಾಡಿ ಹತ್ತಿದಳು. ಎತ್ತುಗಳು ಹೆಜ್ಜೆ ಕಿತ್ತ ಮೇಲೆ ನಾನು ಗಾಡಿಯ ಜೊತೆ ಓಣಿಯ ತಿರುವಿನವರೆಗೆ ನಡೆದೆ. ಕೇಳಲೇಬೇಕಾದ ಒಂದು ಮಾತು ಉಳಿದಿತ್ತು.

"ಅವರು ಬಂದ್ರ ಏನಂತ ಹೇಳಲ್ರಿ?"

"ಬಂದ್ರ ಕುಂಡ್ರಸ್ರಿ. ಬಾವಿ ನೀರು ಕೊಡ್ರಿ," ಎಂದಳು. "ಆಮ್ಯಾಲ ಸುರಪುರದ ಹಾದಿ ಕೇಳಿದ್ರ, ಗೊತ್ತಿಲ್ಲ ಅನ್ರಿ."